ಅಕ್ಕ ಮುಂದೆ ಏನು ಓದಬೇಕು?

 

ನಮ್ಮ ಅಕ್ಕ ಈ ವರ್ಷ ಪಿ.ಯು.ಸಿ. ಸೈನ್ಸ್ ಪಾಸಾದಳು. ಮುಂದೆ ಏನು ಓದಬೇಕು ಅಂತ ಮನೆಯಲ್ಲಿ ದಿನಾ ಮಾತು ನಡೆದಿದೆ. ಕಾಕಾ, "ಕಂಪ್ಯೂಟರ್ ಓದಲಿ, ಈಗ ಎಲ್ಲಾ ಎಐ ಕಾಲ" ಅಂತಾರೆ. ಅಪ್ಪ, "ಕಂಪ್ಯೂಟರ್ ಕೆಲಸಾನೂ ಎಐನೇ ಮಾಡಾಕ ಹತ್ತೈತಂತ, ಸಾಲಾ ಮಾಡಿ ಓದಿಸಿ ಏನ್ ಮಾಡೂದು?" ಅಂತಾರೆ. ಅಕ್ಕನಿಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ. ಅದು 2008ರಲ್ಲಿ ಶುರುವಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ.

ಎಐ ಎಂದರೆ ಕೃತಕ ಬುದ್ಧಿಮತ್ತೆ. 2022ರಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಬಾಯಲ್ಲಿ ಇದೇ ಮಾತು. ಆದರೆ ಯಂತ್ರ ಬಂದರೆ ಏನಾಗುತ್ತದೆ ಎಂಬುದು ನಮ್ಮ ಇಳಕಲ್ ಕಡೆಯವರಿಗೆ ಹೊಸದಲ್ಲ. ನಮ್ಮ ಅಜ್ಜ ಕೈಮಗ್ಗ ನೇಯುತ್ತಿದ್ದರು. ಇಳಕಲ್ ಸೀರೆಯ ಒಡಲಿನ ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಅದನ್ನು ಅಜ್ಜಿ ಕೈಯಿಂದ ಹಾಕಿ ಕೊಡುತ್ತಿದ್ದಳು. ಆಮೇಲೆ ಪವರ್‌ಲೂಮ್ ಬಂತು. ಕೊಂಡಿ ಇಲ್ಲದ ಸೀರೆ ಕಡಿಮೆ ರೇಟಿಗೆ ಸಿಕ್ಕಿತು, ಮಂದಿ ಅದನ್ನೇ ಒಯ್ದರು. ಅಜ್ಜನ ಮಗ್ಗ ನಿಂತಿತು. "ಯಂತ್ರಕ್ಕೆ ಬಾರದ ಕೆಲಸ ಕಲಿತರೆ ಸಾಕು" ಅಂತ ಕೆಲವರು ಹೇಳುತ್ತಾರೆ. ಅಷ್ಟೇ ಸಾಲದು ಅಂತ ನನಗೆ ಅನಿಸುತ್ತದೆ. ಆ ಕೆಲಸ ಮಂದಿಗೆ ಬೇಕಾಗಿರಬೇಕು.

ಹೋದ ತಿಂಗಳು ಅಕ್ಕ ಮೊಬೈಲಿನ ಎಐಗೆ, "ಕೊಂಡಿ ಅಂದರೆ ಏನು?" ಅಂತ ಕೇಳಿದಳು. ಅದು ಚಂದಾಗಿ, "ಸೆರಗಿನ ಮೇಲೆ ಹಾಕುವ ಕಸೂತಿ" ಅಂತ ಬರೆಯಿತು. ನಾನು ನಂಬಿದೆ. ಅಜ್ಜಿ ನಕ್ಕಳು. "ಸುಳ್ಳ ಹೇಳತೈತದು. ಕಸೂತಿ ನೇಯ್ದ ಮ್ಯಾಲ ಸೂಜೀಲೆ ಹಾಕೂದು, ಕೊಂಡಿ ನೇಯೂದಕ್ಕಿಂತ ಮೊದಲ" ಅಂದಳು. ಅಜ್ಜಿಗೆ ಓದು ಬರುವುದಿಲ್ಲ. ಆದರೂ ತಪ್ಪು ಹಿಡಿದವಳು ಅವಳೇ.

ಅದಕ್ಕೆ ನನ್ನ ಅಭಿಪ್ರಾಯ ಇದು. ಏನೇ ಓದಲಿ, ಯಂತ್ರ ತಪ್ಪು ಹೇಳಿದಾಗ ತಪ್ಪು ಅಂತ ಹೇಳುವಷ್ಟು ಓದಬೇಕು. ನಮ್ಮ ಜಿಲ್ಲೆಯಲ್ಲಿ ದಾಳಿಂಬೆ ತೋಟಗಳಿವೆ. ದಾಳಿಂಬೆಗೆ ದುಂಡಾಣು ಅಂಗಮಾರಿ ರೋಗ ಬರುತ್ತದೆ. ಎಲೆಯ ಫೋಟೋ ತೋರಿಸಿದರೆ ಎಐ ರೋಗದ ಹೆಸರು ಹೇಳಬಹುದು. ಅದು ತಪ್ಪಿದ್ದು, ರೈತ ಬೇರೆ ಔಷಧ ಹೊಡೆದರೆ ಬೆಳೆಯೂ ಹೋಯಿತು, ದುಡ್ಡೂ ಹೋಯಿತು. ಆಗ ತೋಟಕ್ಕೆ ಬಂದು ಗಿಡ ನೋಡಿ ಹೇಳುವವರು ಬೇಕು. ನಮ್ಮಕ್ಕ ಅಂಥವಳಾಗಲಿ.

ಕಾಕಾ ಹೇಳುವುದೂ ಪೂರ್ತಿ ತಪ್ಪಲ್ಲ. ಕಂಪ್ಯೂಟರ್ ಮೇಲೆ ಮನಸ್ಸಿದ್ದವರು ಅದನ್ನೇ ಓದಲಿ, ಎಐ ಮಾಡಿದ ತಪ್ಪು ತಿದ್ದುವವರೂ ಬೇಕಲ್ಲ. ಆದರೆ ಮನಸ್ಸಿಲ್ಲದೆ, ಬರೀ ಹೆದರಿ ಓದಿದರೆ ತಪ್ಪು ಹಿಡಿಯುವಷ್ಟು ವಿದ್ಯೆ ತಲೆಗೆ ಹತ್ತುವುದಿಲ್ಲ. ಅಪ್ಪನ ಸಾಲದ ಚಿಂತೆ ನನಗೂ ಗೊತ್ತು. ಸಾಲ ಮಾಡುವುದೇ ಆದರೆ ಅಕ್ಕ ಇಷ್ಟಪಟ್ಟು ಓದುವುದಕ್ಕೆ ಮಾಡಲಿ.

ತಪ್ಪಿದ್ದರೆ ಗುರುಗಳು ತಿದ್ದಬೇಕು. ಪಾಲಕರ ಸಭೆಗೆ ಅಪ್ಪ ಬರುತ್ತಾರೆ. ಅಲ್ಲಿಯವರೆಗೆ ಈ ಹಾಳೆಯನ್ನು ಯಾರೂ ಕೀಳಬೇಡಿರಿ.

– 7ನೇ ತರಗತಿ ವಿದ್ಯಾರ್ಥಿ