ಗದ್ಲ ಕೇಳಿ ಆಟ ಆರಿಸೋ ಮಷೀನು

ಮ್ಯಾಚು ಪೂರ್ತಿ ನೋಡಾಕ ನಮಗೆಲ್ಲಿ ಪುರಸೊತ್ತೈತಿ? ರೊಟ್ಟಿ ಬಡದು, ಭಾಂಡೆ ತಿಕ್ಕಿ ಕುಂದ್ರೂದ್ರಾಗ ಆಟ ಮುಗಿದಿರ್ತೈತಿ. ಮೊಬೈಲಿನ್ಯಾಗಿನ ಹತ್ತು ನಿಮಿಷದ ತುಣುಕೇ ನಮ್ಮ ಪಾಲಿನ ಮ್ಯಾಚು. ಈಗೀಗ ಆ ತುಣುಕು ಆರಿಸಾಕ ಎಐ ಬಂದೈತಿ.

2017ರಾಗ ವಿಂಬಲ್ಡನ್‌ದಾಗ ಐಬಿಎಂನವ್ರು ಇದನ್ನ ಮಾಡಿ ತೋರಿಸಿದ್ರು. ಮಂದಿ ಎಷ್ಟು ಕೂಗಿದ್ರು, ಆಡಾವ್ರು ಹೆಂಗ ಮುಷ್ಟಿ ಎತ್ತಿದ್ರು ಅನ್ನೂದನ್ನೂ ನೋಡಿ ಅದು ತುಣುಕು ಆರಿಸ್ತಿತ್ತು. ಮಂದಿ ಕಡಿಮಿ ಇದ್ದ ಕೋರ್ಟಿನವ್ರಿಗೆ ಅನ್ಯಾಯ ಆಗಬಾರದಂತ 2019ರಾಗ ಅದನ್ನ ತಿದ್ದಬೇಕಾತು.

ಅಕ್ಕಾರ, ನಮ್ಮ ಹುಡುಗ್ಯಾರ ಕಬಡ್ಡಿ, ಖೋಖೋಕ್ಕ ಕೂಗಾವ್ರು ಎಷ್ಟು ಮಂದಿ ಇರ್ತಾರ? ಗದ್ಲ ಅಳಿಯೋ ಮಷೀನಿಗೆ ಅವ್ರು ಕಾಣೂದಿಲ್ಲ. ಮಷೀನು ಬ್ಯಾಡನ್ನಂಗಿಲ್ಲ, ಆರಿಸೋ ಜಾಗಾದಾಗ ಆಟ ಬಲ್ಲಾಕಿ ಒಬ್ಬಾಕಿನೂ ಇರಲಿ. ಅಡಗಿ ರುಚಿ ಪಂಕ್ತಿ ಗದ್ಲದಿಂದ ತಿಳೀತೈತೇನು?