ಮಾಲ್ಟಾ: ಚರ್ಚ್ ಶಾಲೆ ಉಚಿತ, ಸೀಟಿಗೆ ಮಾತ್ರ ಚೀಟಿ

ಮಾಲ್ಟಾ ಎಂದೊಡನೆ ನಮಗೆ ನೆನಪಾಗುವುದು ಸಂತ ಪೌಲರ ಹಡಗು ಒಡೆದ ಕಥೆ. ಮೆಡಿಟರೇನಿಯನ್ ಸಮುದ್ರದ ಈ ದ್ವೀಪ ರಾಷ್ಟ್ರದ ವಿಸ್ತೀರ್ಣ ಕೇವಲ 316 ಚದರ ಕಿಲೋಮೀಟರ್. 2021ರ ಜನಗಣತಿಯಂತೆ ಜನಸಂಖ್ಯೆ ಐದು ಲಕ್ಷಕ್ಕಿಂತ ತುಸು ಹೆಚ್ಚು, ಬಹುಪಾಲು ಕಥೋಲಿಕರು. ಅಲ್ಲಿನ ಕಥೋಲಿಕ ಶಾಲೆಗಳಲ್ಲಿ ಶುಲ್ಕ ಇಲ್ಲ. ಆದರೆ ಹೆಚ್ಚಿನ ಮಕ್ಕಳಿಗೆ ಸೀಟು ಸಿಗಬೇಕಾದರೆ ಚೀಟಿಯಲ್ಲಿ ಹೆಸರು ಬರಬೇಕು.

5ರಿಂದ 16 ವರ್ಷದವರೆಗೆ ಶಿಕ್ಷಣ ಕಡ್ಡಾಯ: ಆರು ವರ್ಷ ಪ್ರಾಥಮಿಕ, ಐದು ವರ್ಷ ಪ್ರೌಢ. ಕಲಿಕೆ ಮಾಲ್ಟೀಸ್ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುತ್ತದೆ. ಶಾಲೆಗಳು ಮೂರು ಬಗೆ: ಸರಕಾರಿ, ಚರ್ಚ್ ಮತ್ತು ಖಾಸಗಿ. ಸರಕಾರಿ ಶಾಲೆಗಳನ್ನು ಪ್ರದೇಶವಾರು 'ಕಾಲೇಜು' ಎಂಬ ಗುಂಪುಗಳಾಗಿ ಮಾಡಿದ್ದಾರೆ; ಊರಿನ ಪ್ರಾಥಮಿಕ ಶಾಲೆ ಮುಗಿಸಿದ ಮಗು ಅದೇ ಗುಂಪಿನ ಪ್ರೌಢಶಾಲೆಗೆ ಹೋಗುತ್ತದೆ. ಚರ್ಚ್ ಶಾಲೆಗಳಲ್ಲಿ ಕಲಿಯುವವರು ಒಟ್ಟು ಮಕ್ಕಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು.

ಈ ಉಚಿತ ವ್ಯವಸ್ಥೆ ಸುಮ್ಮನೆ ಬಂದುದಲ್ಲ. 1980ರ ದಶಕದಲ್ಲಿ ಆಳುತ್ತಿದ್ದ ಲೇಬರ್ ಸರಕಾರ, ಚರ್ಚ್ ಶಾಲೆಗಳು ಶುಲ್ಕ ಪಡೆಯಬಾರದೆಂದು ಪಟ್ಟು ಹಿಡಿಯಿತು. ನಡೆಸುವುದಾದರೆ ಉಚಿತವಾಗಿ ನಡೆಸಿ, ಇಲ್ಲವಾದರೆ ಬೇಡವೇ ಬೇಡ ಎಂಬುದು ಅದರ ಘೋಷಣೆ. ಚರ್ಚಿನ ಆಸ್ತಿಯ ಮೇಲೆ 1983ರಲ್ಲಿ ಕಾನೂನೂ ಬಂತು. 1984ರ ಸೆಪ್ಟೆಂಬರ್ 28ರಂದು ಗುಂಪೊಂದು ಆರ್ಚ್‌ಬಿಷಪ್‌ ಅವರ ಕಚೇರಿಗೆ ನುಗ್ಗಿ ಧ್ವಂಸ ಮಾಡಿತು. ಆ ಶಾಲಾ ವರ್ಷದ ಆರಂಭಕ್ಕೆ ಚರ್ಚ್ ಶಾಲೆಗಳ ಬಾಗಿಲು ತೆರೆಯಲಿಲ್ಲ; ಅನೇಕ ಮಕ್ಕಳು ಮನೆಗಳಲ್ಲೇ ಗುಟ್ಟಾಗಿ ಪಾಠ ಕೇಳಿದರು.

ಸರಕಾರ ಬದಲಾದ ಬಳಿಕ, 1991ರ ನವೆಂಬರ್ 28ರಂದು ವ್ಯಾಟಿಕನ್ ಮತ್ತು ಮಾಲ್ಟಾ ಒಪ್ಪಂದಕ್ಕೆ ಸಹಿ ಹಾಕಿದವು. ಧಾರ್ಮಿಕ ಸೇವೆಗೆ ಅಗತ್ಯವಿಲ್ಲದ ಸ್ಥಿರಾಸ್ತಿಯನ್ನು ಚರ್ಚ್ ಸರಕಾರಕ್ಕೆ ಬಿಟ್ಟುಕೊಟ್ಟಿತು. ಸರಕಾರ ಚರ್ಚ್ ಶಾಲೆಗಳ ಶಿಕ್ಷಕರ ಸಂಬಳ ವಹಿಸಿಕೊಂಡಿತು. ಶಾಲೆಗಳು ಶುಲ್ಕ ಕೈಬಿಟ್ಟವು. ಈಗ ಹೆತ್ತವರಿಂದ ಕೇಳುವುದು ಸ್ವಇಚ್ಛೆಯ ದೇಣಿಗೆ ಮಾತ್ರ. ನಮ್ಮ ಅನುದಾನಿತ ಶಾಲೆಗಳನ್ನು ಬಲ್ಲವರಿಗೆ ಇದು ಅರ್ಥವಾದೀತು. ಆದರೆ ಅಲ್ಲಿ ಚರ್ಚ್ ಅದಕ್ಕಾಗಿ ಭೂಮಿಯನ್ನೇ ತೆತ್ತಿದೆ. ನನಗನಿಸುವಂತೆ ಅದು ನಷ್ಟದ ವ್ಯಾಪಾರವಲ್ಲ. ಗುರುಗಳು, ಧರ್ಮಭಗಿನಿಯರ ಸಂಖ್ಯೆ ಇಳಿದು, ಪಾಠ ಮಾಡುವವರಲ್ಲಿ ಹೆಚ್ಚಿನವರು ಶ್ರೀಸಾಮಾನ್ಯರೇ ಆಗಿರುವ ಈ ಕಾಲದಲ್ಲಿ ಅಷ್ಟು ಸಂಬಳವನ್ನು ಚರ್ಚ್ ಎಲ್ಲಿಂದ ತರುತ್ತಿತ್ತು?

ಸಮಸ್ಯೆ ಹುಟ್ಟಿದ್ದು ಇನ್ನೊಂದು ಕಡೆ. ಶುಲ್ಕ ಹೋದ ಮೇಲೆ ಅರ್ಜಿಗಳು ಹೆಚ್ಚಿದವು, ಸೀಟುಗಳು ಅಷ್ಟಿಲ್ಲ. ಚರ್ಚಿನ ಆಶ್ರಯಧಾಮಗಳ ಮಕ್ಕಳು, ವಿಶೇಷ ಅಗತ್ಯವುಳ್ಳ ಮಕ್ಕಳು, ಅದೇ ಶಾಲೆಯಲ್ಲಿ ಓದುತ್ತಿರುವವರ ತಮ್ಮ ತಂಗಿಯರು, ಇಂಥವರಿಗೆ ಆದ್ಯತೆ. ಉಳಿದವರಿಗೆ ಚೀಟಿ. ಹಿಂದೆ ಹುಡುಗರು ಹನ್ನೊಂದನೇ ವಯಸ್ಸಿಗೆ ಪ್ರವೇಶ ಪರೀಕ್ಷೆ ಬರೆದು ಚರ್ಚ್ ಪ್ರೌಢಶಾಲೆ ಸೇರಬಹುದಿತ್ತು. 2010ರ ಸುಮಾರಿಗೆ ಆ ಪರೀಕ್ಷೆಯೂ ನಿಂತಿತು. ಎಳೆಯ ಮಕ್ಕಳನ್ನು ಪಾಸು ಫೇಲೆಂದು ಬೇರ್ಪಡಿಸುವ ಪದ್ಧತಿ ಹೋದದ್ದು ಒಳ್ಳೆಯದೇ.

ಚೀಟಿಯಲ್ಲಿ ಶಿಫಾರಸು ನಡೆಯದು, ದೊಡ್ಡವರ ಫೋನ್ ಕರೆಗೂ ಬೆಲೆ ಇಲ್ಲ. ಆದರೆ ಅದು ಬಡತನವನ್ನೂ ನೋಡದು. ಹೆಸರು ಬಾರದಿದ್ದರೆ ಉಳ್ಳವರು ಖಾಸಗಿ ಶಾಲೆಗೆ ಹಣ ಕಟ್ಟುತ್ತಾರೆ, ಇಲ್ಲದವರು ಸರಕಾರಿ ಶಾಲೆಗೆ ಹೋಗುತ್ತಾರೆ. ಅಲ್ಲೂ ಧರ್ಮೋಪದೇಶಕ್ಕೆ ಕೊರತೆಯಿಲ್ಲ. ಸರಕಾರಿ ಶಾಲೆಗಳಲ್ಲಿ ಕಥೋಲಿಕ ಧರ್ಮಶಿಕ್ಷಣ ಕೊಡಬೇಕೆಂದು ಸಂವಿಧಾನವೇ ಹೇಳುತ್ತದೆ. ಬೇಡವೆನ್ನುವವರಿಗೆ ಬದಲಿಗೆ ನೀತಿಶಾಸ್ತ್ರದ ಪಾಠ 2014ರಿಂದ ಆರಂಭವಾಯಿತು. ಹಾಗಾದರೆ ಹೆತ್ತವರು ಚರ್ಚ್ ಶಾಲೆಯ ಚೀಟಿಗಾಗಿ ಕಾಯುವುದು ವಿಶ್ವಾಸಕ್ಕಾಗಿಯೋ, ಶಿಸ್ತು ಮತ್ತು ಫಲಿತಾಂಶಕ್ಕಾಗಿಯೋ? ಶಾಲೆ ನಡೆಸುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.