ನೋವು ಹೋಯಿತೆಂದು ಮೈದಾನಕ್ಕಿಳಿಯಬೇಡಿ

ಮಳೆಗಾಲ ಮುಗಿಯಿತೆಂದರೆ ಊರೂರಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾಟಗಳ ಭರಾಟೆ. ಟ್ರೋಫಿ, ಪೆಂಡಾಲು, ಊಟ ಎಲ್ಲದಕ್ಕೂ ಸಂಘಟಕರು ಹಣ ಹೊಂದಿಸುತ್ತಾರೆ. ಆಡುತ್ತಾ ಬಿದ್ದ ಹುಡುಗನ ಮಂಡಿಯ ಚಿಂತೆ ಮಾತ್ರ ಯಾರಿಗೂ ಇರುವುದಿಲ್ಲ. ಸ್ಪ್ರೇ ಹೊಡೆದು, ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಫೈನಲ್‌ಗೆ ಇಳಿಸುತ್ತೇವೆ. ಈ ರೂಢಿ ನಿಲ್ಲಬೇಕು.

ನೋವು ಶಮನವಾಗುವುದು ಬೇರೆ, ಗಾಯ ವಾಸಿಯಾಗುವುದು ಬೇರೆ. ಪಾದ ಉಳುಕಿದರೆ ಬಾವು ಕೆಲವೇ ದಿನಗಳಲ್ಲಿ ಇಳಿಯಬಹುದು. ಆದರೆ ಘಾಸಿಗೊಂಡ ಅಸ್ಥಿರಜ್ಜು ಬಲಗೊಳ್ಳಲು ವಾರಗಳೇ ಬೇಕು. ಕಾಲಿನ ಸಮತೋಲನವೂ ಕುಂದಿರುತ್ತದೆ. ಒಂಟಿಕಾಲಿನಲ್ಲಿ ನಿಲ್ಲುವಂತಹ ಸರಳ ವ್ಯಾಯಾಮಗಳಿಂದ ಅದನ್ನು ಮರಳಿ ಪಡೆಯದಿದ್ದರೆ ಅದೇ ಪಾದ ಮತ್ತೆ ಮತ್ತೆ ಉಳುಕುತ್ತದೆ.

ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರಂತೂ ಇನ್ನಷ್ಟು ತಾಳ್ಮೆ ಬೇಕು. ಬಿದ್ದಾಗ ಮಂಡಿಯಲ್ಲಿ 'ಟಪ್' ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ತಿಕ್ಕುತ್ತಾ ಕೂರದೆ ಮೂಳೆ ತಜ್ಞರಿಗೆ ತೋರಿಸಿ. ಶಸ್ತ್ರಚಿಕಿತ್ಸೆಯಾದವರ ಬಗ್ಗೆ ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ತೆರೆಸುವಂತಿದೆ: 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು.

ಹಾಗೆಂದು ತಿಂಗಳು ಎಣಿಸುತ್ತಾ ಮಲಗಿದರೆ ಸಾಲದು. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಆಗಬೇಕೆಂಬುದು ತಜ್ಞರು ಸಾಮಾನ್ಯವಾಗಿ ಬಳಸುವ ಅಳತೆ. ಮೊದಲು ನಡಿಗೆ, ನಂತರ ಓಟ, ಜಿಗಿತ, ತಟ್ಟನೆ ತಿರುಗುವುದು, ತಂಡದ ಜೊತೆ ಅಭ್ಯಾಸ, ಕೊನೆಯಲ್ಲಿ ಪಂದ್ಯ. ಯಾವ ಹಂತದಲ್ಲಾದರೂ ಮರುದಿನ ಬಾವು ಬಂದರೆ ಒಂದು ಹಂತ ಹಿಂದಕ್ಕೆ ಹೋಗಬೇಕು.

ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ತೊಡೆಗೆ ಗಾಯವಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಪೂರ್ಣ ಸಿದ್ಧರಿಲ್ಲವೆಂದು ಮೊದಲ ಎರಡು ಪಂದ್ಯಗಳಿಂದ ಅವರನ್ನು ಹೊರಗಿಡಲಾಯಿತು. ಆ ಬಳಿಕ ಪಾಕಿಸ್ತಾನದ ವಿರುದ್ಧ ಅವರು ಹೊಡೆದದ್ದು ಅಜೇಯ 111. ಅಂತಹ ಆಟಗಾರನನ್ನೇ ಕಾಯಿಸುವುದಾದರೆ ನಮ್ಮೂರ ಹುಡುಗನಿಗೇಕೆ ಅವಸರ?

ಫಿಸಿಯೋಥೆರಪಿಗೆ ದುಡ್ಡೆಲ್ಲಿದೆ ಎನ್ನುವವರಿದ್ದಾರೆ. ಮಾತು ನಿಜ. ಆದರೆ ದಿನವೂ ಆಸ್ಪತ್ರೆಗೆ ಅಲೆಯಬೇಕಿಲ್ಲ. ಫಿಸಿಯೋಥೆರಪಿಸ್ಟ್ ಬಳಿ ಕಲಿತು ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳು ಬಹಳಷ್ಟಿವೆ. ಪಂದ್ಯಾಟದ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಗಾಯಾಳುಗಳಿಗೆಂದು ತೆಗೆದಿಡುವುದು ಸಂಘಟಕರಿಗೆ ಕಷ್ಟವೇನಲ್ಲ. ಸಂಜೆ ಕಬಡ್ಡಿ ಆಡುವ ಯುವಕ ಹಗಲಲ್ಲಿ ಗಾರೆ ಕೆಲಸದವನೋ ಮೀನು ಹೊರುವವನೋ ಆಗಿರುತ್ತಾನೆ. ಅವನ ಮಂಡಿಯನ್ನು ನಂಬಿ ಒಂದು ಮನೆಯೇ ಇದೆ. ಕಪ್ ಮುಂದಿನ ವರ್ಷವೂ ಇರುತ್ತದೆ.